ಒಪ್ಪತ್ತಿನ ದಿನ ಒಲೆಯ ಮುಂದೆ

ಉಪವಾಸ ಮಾಡುವವಳೇ ಮನೆಮಂದಿಗೆಲ್ಲ ಅಡುಗೆಯನ್ನೂ ಮಾಡಬೇಕಾದಾಗ ಉಪವಾಸದ ಸ್ವರೂಪವೇ ಬೇರೆಯಾಗುತ್ತದೆ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರ್‌ಗೆ, ಮುಂಚೆ ಕ್ರೈಸ್ತರು ಆಚರಿಸುವ ನಲವತ್ತು ದಿನಗಳ ತಪಸ್ಸು ಕಾಲದ ಪ್ರಬೋಧನೆಗಳಲ್ಲಿ ಪ್ರತಿವರ್ಷವೂ ಮರುಭೂಮಿಯ ಪ್ರಸ್ತಾಪ ಬರುತ್ತದೆ. ಯೇಸುಸ್ವಾಮಿ ನಲವತ್ತು ಹಗಲು ನಲವತ್ತು ಇರುಳು ಅಲ್ಲಿ ಉಪವಾಸವಿದ್ದರು, ಕಲ್ಲುಗಳನ್ನು ರೊಟ್ಟಿಯಾಗಿಸು ಎಂಬ ಸೈತಾನನ ಪ್ರಲೋಭನೆಯನ್ನು ಗೆದ್ದರು. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಕಲ್ಲುಗಳಿಲ್ಲ. ಆರು ಗಂಟೆಗೇ ಒಲೆಯ ಮೇಲೇರುವ ಕುಕ್ಕರ್ ಇದೆ, ಮಕ್ಕಳ ಊಟದ ಡಬ್ಬಿಗಳಿವೆ, ಮಾತ್ರೆ ನುಂಗುವ ಮೊದಲು ತಿಂಡಿ ಆಗಲೇಬೇಕಾದ ಅತ್ತೆಯವರಿದ್ದಾರೆ. ಆಹಾರದಿಂದ ದೂರ ಹೋಗಿ ಉಪವಾಸವಿರುವುದು ಒಂದು ಬಗೆಯಾದರೆ, ಒಗ್ಗರಣೆಯ ಸಾಸಿವೆ ಸಿಡಿಯುವಾಗ ಅದರ ಮುಂದೆಯೇ ನಿಂತು ಉಪವಾಸವಿರುವುದು ಇನ್ನೊಂದು ಬಗೆ. 2025ರ ತಪಸ್ಸು ಕಾಲವನ್ನು ನಾನು ಕಳೆದದ್ದು ಈ ಎರಡನೆಯ ಬಗೆಯಲ್ಲಿ.

ನಮ್ಮ ಕಥೋಲಿಕ ಧರ್ಮಸಭೆಯ ಕಾನೂನು ಕೇಳುವುದು ಬಹಳ ಕಡಿಮೆ. ತಪಸ್ಸು ಕಾಲ ಆರಂಭವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಮಾತ್ರ ಉಪವಾಸ ಕಡ್ಡಾಯ. ಅದೂ ನಿರಾಹಾರವಲ್ಲ, ಒಂದು ಹೊತ್ತು ಪೂರ್ತಿ ಊಟ ಮಾಡಬಹುದು, ಬೆಳಿಗ್ಗೆ ಮತ್ತು ಸಂಜೆ ಅಲ್ಪಸ್ವಲ್ಪ ತೆಗೆದುಕೊಳ್ಳಬಹುದು ಎಂದು ಪೋಪ್ ಆರನೆಯ ಪೌಲರು 1966ರಲ್ಲೇ ಸಡಿಲಿಸಿದ್ದಾರೆ. 1983ರ ಧರ್ಮಸಂಹಿತೆಯ ಪ್ರಕಾರ ಹದಿನೆಂಟು ತುಂಬಿದವರಿಂದ ಹಿಡಿದು ಅರವತ್ತನೆಯ ವರ್ಷಕ್ಕೆ ಕಾಲಿಡುವವರೆಗೆ ಈ ನಿಯಮ ಅನ್ವಯಿಸುತ್ತದೆ. ಮಾಂಸ ಬಿಡುವ ನಿಯಮ ಹದಿನಾಲ್ಕು ತುಂಬಿದ ಎಲ್ಲರಿಗೂ ಇದೆ. ಈ ಲೆಕ್ಕದಲ್ಲಿ ನಮ್ಮ ಮನೆಯ ಅತ್ತೆ ಮಾವನವರಿಗೆ ವಯಸ್ಸು ದಾಟಿದೆ, ಮಕ್ಕಳಿಗೆ ಇನ್ನೂ ಬಂದಿಲ್ಲ. ಉಪವಾಸದ ಬಾಧ್ಯತೆ ಉಳಿಯುವುದು ನನಗೂ ನನ್ನ ಗಂಡನಿಗೂ ಮಾತ್ರ. ಅವರು ಉಪವಾಸವಿದ್ದು ಕಚೇರಿಗೆ ಹೋಗುತ್ತಾರೆ. ನಾನು ಉಪವಾಸವಿದ್ದು, ಅಡುಗೆ ಮಾಡಿಟ್ಟು, ಆಮೇಲೆ ಕಚೇರಿಗೆ ಹೋಗುತ್ತೇನೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಮುಂದೆ ಹೇಳಲಿರುವುದೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟಿದ್ದರಿಂದ ಮೊದಲೇ ತಿಳಿಸಿದ್ದೇನೆ.

ಕಾನೂನಿಗಿಂತ ಸ್ವಲ್ಪ ಹೆಚ್ಚಾಗಿ ನಡೆದುಕೊಳ್ಳಬೇಕೆಂದು ನಾನು ನಿಶ್ಚಯಿಸಿದ್ದೆ. ಪ್ರತಿ ಬುಧವಾರ ಮತ್ತು ಶುಕ್ರವಾರ ಒಪ್ಪತ್ತು, ಪಾಸ್ಕ ಹಬ್ಬದವರೆಗೆ ಮಾಂಸವಿಲ್ಲ, ಕಾಫಿಯೂ ಇಲ್ಲ. ಅತ್ತೆಯವರಿಗೆ ಇದು ದೊಡ್ಡ ಸಂಗತಿಯೆಂದು ಅನ್ನಿಸಲೇ ಇಲ್ಲ. ಆನೇಕಲ್ ಕಡೆಯ ಅವರ ತವರಿನಲ್ಲಿ ಬೂದಿ ಬುಧವಾರದ ಹಿಂದಿನ ಸಂಜೆ ಮಾಂಸ ಬೇಯಿಸುವ ಮಡಕೆಯನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಏರಿಸಿಬಿಡುತ್ತಿದ್ದರಂತೆ. ಹಬ್ಬದ ಹಿಂದಿನ ರಾತ್ರಿಯವರೆಗೆ ಅದು ಕೆಳಗಿಳಿಯುತ್ತಿರಲಿಲ್ಲ. ಮೀನನ್ನು ಮಾಂಸವೆಂದು ಎಣಿಸುವುದಿಲ್ಲ ಎಂಬ ಸಭೆಯ ರಿಯಾಯಿತಿಯನ್ನು ಅವರ ಮನೆಯಲ್ಲಿ ಯಾರೂ ಒಪ್ಪಿದವರಲ್ಲ. ಆ ದಿನಗಳಲ್ಲಿ ಹೆಂಗಸರು ತಲೆಗೆ ಹೂ ಮುಡಿಯುತ್ತಿರಲಿಲ್ಲ, ಮದುವೆಯ ಮಾತನ್ನೂ ಎತ್ತುತ್ತಿರಲಿಲ್ಲ. ಅತ್ತೆಯವರ ತಾಯಿಯ ಕಾಲದಲ್ಲಂತೂ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದಲೇ ನೀರನ್ನೂ ಮುಟ್ಟುವಂತಿರಲಿಲ್ಲ. ನೀರಿಗೆ ಅನುಮತಿ ಸಿಕ್ಕಿದ್ದು 1953ರಲ್ಲಿ. ನಡುರಾತ್ರಿಯ ಬದಲು ಮೂರು ಗಂಟೆಯ ಉಪವಾಸ ಸಾಕೆಂದಾದದ್ದು 1957ರಲ್ಲಿ. ಈಗಿರುವ ಒಂದು ಗಂಟೆಯ ನಿಯಮ ಬಂದದ್ದು 1964ರಲ್ಲಿ. ಆ ಬಿಗಿಯನ್ನು ಕಂಡವರ ಮುಂದೆ ವಾರಕ್ಕೆರಡು ಒಪ್ಪತ್ತಿನ ಬಗ್ಗೆ ಹೆಚ್ಚು ಮಾತನಾಡದಿರುವುದೇ ಲೇಸು.

ಬೂದಿ ಬುಧವಾರವಾದ ಮಾರ್ಚ್ 5ರ ಬೆಳಿಗ್ಗೆ ಪೂಜೆಗೆ ಹೋಗುವ ಮೊದಲೇ ಅಡುಗೆ ಮುಗಿಸಬೇಕಿತ್ತು. ದಂಟಿನ ಸೊಪ್ಪಿನ ಸಾರು ಕುದಿಯುತ್ತಿತ್ತು. ಉಪ್ಪು ನೋಡಲು ನನಗೊಂದು ಅಭ್ಯಾಸವಿದೆ: ಸೌಟಿನ ತುದಿಯಿಂದ ಎಡ ಅಂಗೈಯ ಗುಳಿಗೆ ನಾಲ್ಕು ಹನಿ ಸುರಿದುಕೊಂಡು, ಊದಿ, ನಾಲಿಗೆಗೆ ಹಚ್ಚುವುದು. ಆ ದಿನವೂ ನನ್ನ ಒಪ್ಪಿಗೆಯನ್ನು ಕೇಳದೆ ಕೈ ತಾನಾಗಿಯೇ ಬಾಯಿಯತ್ತ ಏರಿತು. ಅಂಗೈಯಲ್ಲಿ ಬಿಸಿ ಹನಿಗಳು ಚುರುಗುಟ್ಟುತ್ತಿದ್ದವು, ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು, ಅಲ್ಲಿಗೆ ನೆನಪಾಯಿತು. ರುಚಿ ನೋಡಿದರೆ ಉಪವಾಸ ಮುರಿಯುತ್ತದೆಯೇ ಎಂದು ಸ್ವಾಮಿಗಳನ್ನು ಕೇಳಿದ್ದರೆ ಅವರು ನಕ್ಕಾರು. ಕಾನೂನು ಅಷ್ಟು ಸಣ್ಣ ಬುದ್ಧಿಯದಲ್ಲ. ಆದರೂ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಂಡೆ. ಮಗಳನ್ನು ಕರೆದು ಅವಳ ಅಂಗೈಗೆ ಹನಿ ಬಿಟ್ಟಾಗ ಅವಳು ನೆಕ್ಕಿ, ಕಣ್ಣು ಕಿರಿದು ಮಾಡಿ, ಒಂದು ಕಲ್ಲುಪ್ಪು ಬೇಕೆಂದು ತೀರ್ಪು ಕೊಟ್ಟಳು. ಆ ದಿನದಿಂದ ಪಾಸ್ಕ ಹಬ್ಬದವರೆಗೆ ನಮ್ಮ ಮನೆಯ ಉಪ್ಪಿನ ಅಧಿಕಾರ ಅವಳ ಕೈಯಲ್ಲಿತ್ತು. ಅವಳು ಅದನ್ನು ಸ್ವಲ್ಪ ದರ್ಪದಿಂದಲೇ ಚಲಾಯಿಸಿದಳು.

ಬೂದಿ ಬುಧವಾರದ ಪೂಜೆಯಲ್ಲಿ ಒಂದು ವಿರೋಧಾಭಾಸವಿದೆ. ಅಂದು ಬೈಬಲಿನಿಂದ ಓದುವ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯದ್ದು: ಉಪವಾಸವಿರುವಾಗ ಮುಖ ಸಪ್ಪಗೆ ಮಾಡಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನೀವು ಉಪವಾಸವಿರುವುದು ಜನರಿಗೆ ಕಾಣದಿರಲಿ ಎಂಬುದು ಅದರ ತಾತ್ಪರ್ಯ. ಇದನ್ನು ಕೇಳಿದ ಕೆಲವೇ ನಿಮಿಷಗಳಲ್ಲಿ ನಾವು ಸಾಲಾಗಿ ನಿಂತು, ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಹಣೆಗೆ ಹಚ್ಚಿಸಿಕೊಳ್ಳುತ್ತೇವೆ. ಮಣ್ಣಾಗಿರುವ ನೀನು ಮಣ್ಣಿಗೇ ಮರಳುವೆ ಎಂದು ಗುರುಗಳು ನೆನಪಿಸುತ್ತಾರೆ. ಬೇರೆ ದೇಶಗಳಲ್ಲಿ ಈ ಗುರುತು ಬೀದಿಯಲ್ಲಿ ಎದ್ದುಕಾಣುತ್ತದೆಯೋ ಏನೋ, ಬೆಂಗಳೂರಿನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ವಿಜಯನಗರದಿಂದ ಎಂ.ಜಿ. ರಸ್ತೆಯವರೆಗಿನ ನೇರಳೆ ಮಾರ್ಗದ ರೈಲಿನಲ್ಲಿ ನನ್ನ ಎದುರಿಗೆ ಕುಳಿತಿದ್ದ ಹಿರಿಯರ ಹಣೆಯ ಮೇಲೆ ಮೂರು ಎಳೆಯ ವಿಭೂತಿಯಿತ್ತು, ನನ್ನ ಹಣೆಯ ಮೇಲೆ ಅಳಿಸಿಹೋಗುತ್ತಿದ್ದ ಶಿಲುಬೆಯ ಬೂದಿ. ಇಬ್ಬರನ್ನೂ ಯಾರೂ ಏನೂ ಕೇಳಲಿಲ್ಲ. ಉಪವಾಸವನ್ನು ಬಚ್ಚಿಡಬೇಕೆನ್ನುವವರಿಗೆ ಇದಕ್ಕಿಂತ ಅನುಕೂಲವಾದ ಊರಿಲ್ಲ.

ಕಚೇರಿಯಲ್ಲೂ ಆ ತಿಂಗಳು ನನ್ನ ಉಪವಾಸ ಎಲ್ಲಕ್ಕಿಂತ ಚಿಕ್ಕದಾಗಿತ್ತು. ಫೆಬ್ರುವರಿ 26ರ ಶಿವರಾತ್ರಿಗೆ ನಿರಾಹಾರವಿದ್ದು ಜಾಗರಣೆ ಮಾಡಿ ಬಂದ ಗೆಳತಿಯ ಕಣ್ಣಿನ ಕೆಂಪು ಆರಿ ಒಂದು ವಾರವಷ್ಟೇ ಆಗಿತ್ತು. ಮಾರ್ಚ್ 2ರಿಂದ ರಂಜಾನ್ ಉಪವಾಸ ಹಿಡಿದಿದ್ದ ಸಹೋದ್ಯೋಗಿ ಬೆಳಗಿನ ಜಾವದಿಂದ ಸಂಜೆ ಆರೂವರೆಯವರೆಗೆ ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಕಥೋಲಿಕರದೇ ಇನ್ನೊಂದು ಪರಂಪರೆಯಾದ ಸಿರೋ ಮಲಬಾರ್ ಸಭೆಗೆ ಸೇರಿದ ಕೇರಳದ ಇನ್ನೊಬ್ಬಾಕೆ ನಮಗಿಂತ ಎರಡು ದಿನ ಮೊದಲೇ, ಸೋಮವಾರದಂದೇ, ತಮ್ಮ ಐವತ್ತು ದಿನಗಳ ನೋಂಬನ್ನು ಆರಂಭಿಸಿದ್ದಳು. ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲ. ಇವರ ನಡುವೆ ಕುಳಿತು ನಾನು ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಜ್ಜಿಗೆಯ ಪೂರ್ತಿ ಊಟವನ್ನೇ ಮಾಡುತ್ತಿದ್ದೆ. ಬಿಟ್ಟದ್ದು ಬೆಳಗಿನ ತಿಂಡಿಯನ್ನು ಮತ್ತು ರಾತ್ರಿಯ ಊಟವನ್ನು. ನಮ್ಮ ಉಪವಾಸದಲ್ಲಿ ನೀರು ಕುಡಿಯಬಹುದೆಂದು ತಿಳಿದಾಗ ರಂಜಾನ್ ಹಿಡಿದಿದ್ದ ಗೆಳತಿ ಸೌಜನ್ಯದಿಂದ ಸುಮ್ಮನಾದಳು.

ಮೊದಲ ವಾರದ ತಲೆನೋವನ್ನು ಹಸಿವಿನ ಲೆಕ್ಕಕ್ಕೆ ಹಾಕುವುದು ಸುಲಭ, ಆದರೆ ಅದು ಕಾಫಿಯ ಕೆಲಸ. ದಿನವೂ ಎರಡು ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಒಮ್ಮೆಲೇ ಬಿಟ್ಟರೆ, ಕೊನೆಯ ಲೋಟದ ನಂತರ 12ರಿಂದ 24 ಗಂಟೆಗಳೊಳಗೆ ನೋವು ಶುರುವಾಗಿ, ಒಂದೆರಡು ದಿನಗಳಲ್ಲಿ ತಾರಕಕ್ಕೇರಿ, ಕೆಲವರಲ್ಲಿ ಒಂಬತ್ತು ದಿನಗಳವರೆಗೂ ಉಳಿಯಬಹುದು. ಕೆಫೀನ್ ಇರುವಷ್ಟು ಕಾಲ ಬಿಗಿದಿದ್ದ ಮೆದುಳಿನ ರಕ್ತನಾಳಗಳು ಅದು ಇಲ್ಲವಾದಾಗ ಹಿಗ್ಗುವುದೇ ಇದಕ್ಕೆ ಮುಖ್ಯ ಕಾರಣ. ನನಗೆ ಎರಡನೆಯ ದಿನ ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಬಡಿದಂತಾಗಿ, ಭಾನುವಾರದ ಹೊತ್ತಿಗೆ ಇಳಿಯಿತು. ಹಸಿವಿನ ರೀತಿಯೇ ಬೇರೆ. ಅದು ಏಕಪ್ರಕಾರವಾಗಿ ಏರುತ್ತಲೇ ಹೋಗುವುದಿಲ್ಲ. ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ನಾವು ರೂಢಿಯಲ್ಲಿ ಉಣ್ಣುವ ಹೊತ್ತಿಗೆ ಸರಿಯಾಗಿ ಏರುತ್ತದೆ, ಉಣ್ಣದಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ. ಬೆಳಿಗ್ಗೆ ಎಂಟೂವರೆಗೆ ಹೊಟ್ಟೆ ತಾಳ ಹಾಕುತ್ತಿತ್ತು. ಒಂಬತ್ತೂವರೆಗೆ ಸೀಟಿನಲ್ಲಿ ಕೂರುವಷ್ಟರಲ್ಲಿ ತಾಳ ನಿಂತಿರುತ್ತಿತ್ತು. ಈ ಏರಿಳಿತವನ್ನು ಒಮ್ಮೆ ಗುರುತಿಸಿದ ಮೇಲೆ ಹಸಿವಿನ ಭಯ ಬಹುಮಟ್ಟಿಗೆ ಹೋಗುತ್ತದೆ.

ಹೋಗದೆ ಉಳಿಯುವುದು ಸಿಟ್ಟು. ಹಸಿವು ಹೊಟ್ಟೆಗಿಂತ ಮೊದಲು ದನಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ಬುಧವಾರ, ಶುಕ್ರವಾರಗಳ ಸಂಜೆ ಮಕ್ಕಳ ಮನೆಪಾಠದ ಹೊತ್ತಿಗೆ ನನ್ನ ಮಾತು ಗಿಡ್ಡವಾಗುತ್ತಿತ್ತು, ಪಾತ್ರೆ ಇಡುವ ಸದ್ದು ದೊಡ್ಡದಾಗುತ್ತಿತ್ತು. ಮಗ ಕ್ಯಾಲೆಂಡರ್ ನೋಡದೆಯೇ ‘ಅಮ್ಮ, ಇವತ್ತು ನಿನ್ನ ಒಪ್ಪತ್ತಾ?’ ಎಂದು ಕೇಳುತ್ತಿದ್ದ. ಮುಖ ತೊಳೆದು ಎಣ್ಣೆ ಹಚ್ಚಿಕೊಂಡರೂ ಮರೆಮಾಚಲಾಗದ ಗುರುತು ಇದು. ಬೂದಿ ಬುಧವಾರದ ನಂತರ ಬರುವ ಮೊದಲ ಶುಕ್ರವಾರದ ಪೂಜೆಯಲ್ಲಿ ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದುತ್ತಾರೆ. ನಾವು ಉಪವಾಸವಿದ್ದರೂ ನೀನೇಕೆ ನೋಡಲಿಲ್ಲ ಎಂದು ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೇ ನೀವು ಆಳುಗಳನ್ನು ಹಿಂಡಿ ದುಡಿಸುತ್ತೀರಿ, ನಿಮ್ಮ ಉಪವಾಸ ಜಗಳದಲ್ಲಿ, ಗುದ್ದಾಟದಲ್ಲಿ ಮುಗಿಯುತ್ತದೆ ಎಂದು ದೇವರು ಉತ್ತರಿಸುತ್ತಾರೆ. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಯಾರೋ ಉಪವಾಸದ ಸಂಜೆಯ ಮನೆಯೊಂದನ್ನು ಹತ್ತಿರದಿಂದ ನೋಡಿದ್ದಾರೆ ಎನ್ನಿಸಿತು.

ಈ ವಾಚನ ನನ್ನನ್ನು ಹಿಡಿದುಕೊಂಡದ್ದು ಒಂದು ಪ್ರಶ್ನೆಯಾಗಿ: ನನ್ನ ಉಪವಾಸದ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಒಪ್ಪತ್ತಿರುವವಳು ನಾನು, ಅದರ ಸುಂಕವನ್ನು ಮಗ ಕಟ್ಟುವುದಾದರೆ ಲೆಕ್ಕ ಎಲ್ಲೋ ತಪ್ಪುತ್ತದೆ. ಪೂರ್ತಿ ಊಟವನ್ನು ಮಧ್ಯಾಹ್ನದಿಂದ ಸಂಜೆ ಆರೂವರೆಗೆ ಸರಿಸಿದೆ. ಕಚೇರಿಯಲ್ಲಿ ಒಂದು ಬಾಳೆಹಣ್ಣು, ಮಜ್ಜಿಗೆ, ಮನೆಗೆ ಬಂದೊಡನೆ ಊಟ, ಆಮೇಲೆ ಮನೆಪಾಠ. ಕಚೇರಿಯಲ್ಲಿ ನನ್ನ ಸಿಟ್ಟಿಗೆ ಈಡಾಗುವವು ಕಡತಗಳು, ಅವಕ್ಕೆ ನೋವಾಗುವುದಿಲ್ಲ. ಮನೆಗೆಲಸಕ್ಕೆ ಬರುವಾಕೆ ಬೆಳಿಗ್ಗೆ ನಮ್ಮ ಜೊತೆಯಲ್ಲೇ ತಿಂಡಿ ತಿನ್ನುವ ರೂಢಿಯಿತ್ತು. ಒಪ್ಪತ್ತಿನ ದಿನ ಮಕ್ಕಳಿಗೆ ಬ್ರೆಡ್ಡು, ಅತ್ತೆ ಮಾವನವರಿಗೆ ರಾಗಿ ಅಂಬಲಿ ಕೊಟ್ಟು ತಿಂಡಿಯ ಕೆಲಸವನ್ನು ಮುಗಿಸಬಹುದಿತ್ತು, ಅದರಿಂದ ನನಗೆ ಅರ್ಧ ಗಂಟೆ ಉಳಿಯುತ್ತಿತ್ತು. ಆದರೆ ಆಗ ಆಕೆಯೂ ಕೇಳದೆ, ಹರಕೆ ಹೊರದೆ, ನನ್ನ ಉಪವಾಸದಲ್ಲಿ ಪಾಲುದಾರಳಾಗುತ್ತಿದ್ದಳು. ಆದ್ದರಿಂದ ಬುಧವಾರ ಉಪ್ಪಿಟ್ಟು, ಶುಕ್ರವಾರ ಅಕ್ಕಿರೊಟ್ಟಿ ಎಂದು ಗೊತ್ತುಮಾಡಿ, ಉಳಿದ ದಿನಗಳಿಗಿಂತ ತುಸು ಹೆಚ್ಚೇ ಮಾಡಿದೆ. ತವೆಯ ಮೇಲೆ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿಯ ಅಂಚು ಕೆಂಪಗಾಗುವುದನ್ನು ಉಪವಾಸದ ಹೊಟ್ಟೆಯಲ್ಲಿ ನೋಡುತ್ತ ನಿಲ್ಲುವುದು ಯಾವ ಮರುಭೂಮಿಗೂ ಕಡಿಮೆಯಲ್ಲ.

ಇತರರ ಮೇಲೆ ಬೀಳುವ ಈ ಭಾರದ ತಮಾಷೆಯ ರೂಪವನ್ನು ಅತ್ತೆಯವರ ವ್ರತದಲ್ಲಿ ಕಂಡೆ. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆಯ ಅಂಶ ಅಪಾಯಕರವಾಗಿ ಇಳಿಯುತ್ತದೆಂದು ವೈದ್ಯರೂ, ನಿಮಗೆ ಬಾಧ್ಯತೆಯೇ ಇಲ್ಲವೆಂದು ಗುರುಗಳೂ ಹೇಳಿದ್ದರಿಂದ ಅವರು ಊಟದ ಬದಲು ಸಂಜೆಯ ಧಾರಾವಾಹಿಗಳನ್ನು ಬಿಟ್ಟರು. ಟಿ.ವಿ.ಯ ಮೇಲೆ ಮಗ್ಗದ ಟವೆಲ್ ಹೊದಿಸಿದರು, ತಪಸ್ಸು ಕಾಲದ ಕಡೆಯ ಎರಡು ವಾರ ದೇವಾಲಯದ ಪ್ರತಿಮೆಗಳಿಗೆ ನೇರಳೆ ಬಟ್ಟೆ ಹೊದಿಸುವ ಹಾಗೆ. ತ್ಯಾಗ ನಿಜವಾಗಿಯೂ ದೊಡ್ಡದೇ. ಕಥೆಯಲ್ಲಿ ಸೊಸೆಯೊಬ್ಬಳು ಆಸ್ಪತ್ರೆ ಸೇರಿದ್ದ ಘಟ್ಟ ಅದು. ಆದರೆ ಅದೇ ಧಾರಾವಾಹಿಗಳನ್ನು ಪಕ್ಕದ ಕುರ್ಚಿಯಲ್ಲಿ ಕುಳಿತು, ತಾನು ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದ ಮಾವನವರನ್ನು ಯಾರೂ ಕೇಳಿರಲಿಲ್ಲ. ಅವರು ದಿನವೂ ಏಳು ಗಂಟೆಗೆ ಕೆಳಮನೆಯವರ ಆರೋಗ್ಯ ವಿಚಾರಿಸಲು ಹೋಗತೊಡಗಿದರು. ಕೆಳಮನೆಯವರೆಲ್ಲರೂ ಆರೋಗ್ಯವಾಗಿಯೇ ಇದ್ದರು.

ಬೂದಿ ಬುಧವಾರದಿಂದ ಪಾಸ್ಕದ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ನಡುವಿನ ಆರು ಭಾನುವಾರಗಳನ್ನು ಕಳೆದಾಗ ನಲವತ್ತು ಉಳಿಯುತ್ತದೆ. ಪ್ರತಿ ಭಾನುವಾರವೂ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. 2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ರ ಭಾನುವಾರ. ಅದು ತಪಸ್ಸು ಕಾಲದ ನಾಲ್ಕನೆಯ ಭಾನುವಾರವೂ ಹೌದು, ಅರ್ಧ ದಾರಿ ಕ್ರಮಿಸಿದ ಸಂತೋಷಕ್ಕಾಗಿ ಗುರುಗಳು ನೇರಳೆಯ ಬದಲು ಗುಲಾಬಿ ಬಣ್ಣದ ಪೂಜಾವಸ್ತ್ರ ತೊಡಬಹುದಾದ ಆನಂದದ ಭಾನುವಾರ. ಪಕ್ಕದ ಮನೆಯಿಂದ ಬೇವು ಬೆಲ್ಲವೂ ತೊಗರಿಬೇಳೆಯ ಹೋಳಿಗೆಯೂ ಬಂದವು. ಯಾವ ಅಳುಕೂ ಇಲ್ಲದೆ ತುಪ್ಪ ಹಾಕಿಕೊಂಡು ತಿಂದೆ.

ಸಮಸ್ಯೆ ಬಂದದ್ದು ಮರುದಿನ. ಮಾರ್ಚ್ 31 ಒಂದೆಡೆ ಹೊಸತೊಡಕು, ಇನ್ನೊಂದೆಡೆ ರಂಜಾನ್ ಹಬ್ಬ. ಬೆಂಗಳೂರಿನ ಮಾಂಸದಂಗಡಿಗಳ ಮುಂದೆ ಬೆಳಗಿನಿಂದಲೇ ಸಾಲು. ತಿಂಗಳಿಡೀ ನೀರನ್ನೂ ಬಿಟ್ಟು ಉಪವಾಸವಿದ್ದ ಗೆಳತಿ ಫ್ರೇಜರ್ ಟೌನಿನ ತನ್ನ ಮನೆಗೆ ನಮ್ಮನ್ನು ಊಟಕ್ಕೆ ಕರೆದಿದ್ದಳು. ಸೋಮವಾರವಾದ್ದರಿಂದ ಸಭೆಯ ಕಾನೂನಿನ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ನಾನೇ ಮಾಡಿಕೊಂಡ ಸಂಕಲ್ಪದ್ದು. ಅವಳ ತಾಯಿ ದೇಗಿಯ ಮುಚ್ಚಳ ತೆಗೆದು, ತಳದಿಂದ ಒಂದೇ ಏಟಿಗೆ ಬಿರಿಯಾನಿಯನ್ನು ಎತ್ತಿ, ಕೇಸರಿ ಬಣ್ಣದ ಅಕ್ಕಿಯೂ ಬಿಳಿಯ ಅಕ್ಕಿಯೂ ಕಲಸಿಹೋಗದಂತೆ ನನ್ನ ತಟ್ಟೆಗೆ ಜಾರಿಸಿದರು. ನಿಮ್ಮ ಮುಂದೆ ಇಟ್ಟದ್ದನ್ನು ಉಣ್ಣಿರಿ ಎಂದು ಯೇಸುಸ್ವಾಮಿ ಶಿಷ್ಯರನ್ನು ಊರೂರಿಗೆ ಕಳುಹಿಸುವಾಗ ಹೇಳಿದ್ದು ಲೂಕನ ಹತ್ತನೆಯ ಅಧ್ಯಾಯದಲ್ಲಿದೆ. ನಾನು ಉಂಡೆ. ನನ್ನ ವ್ರತವನ್ನು ಕಾಪಾಡಲು ಆ ತಾಯಿಯ ಸೌಟು ನಡುದಾರಿಯಲ್ಲಿ ನಿಲ್ಲಬೇಕಾಗಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಅತ್ತೆಯವರು ಇದನ್ನು ಒಪ್ಪುವುದಿಲ್ಲ. ವ್ರತವೆಂದ ಮೇಲೆ ವ್ರತ, ತಿನ್ನುವುದಿಲ್ಲವೆಂದು ಕೈಮುಗಿದು ಹೇಳಿದ್ದರೆ ವ್ರತ ಹಿಡಿದು ಗೊತ್ತಿರುವ ಆ ಮನೆಯವರಿಗಿಂತ ಚೆನ್ನಾಗಿ ಯಾರು ಅರ್ಥ ಮಾಡಿಕೊಳ್ಳುತ್ತಿದ್ದರು ಎಂಬುದು ಅವರ ವಾದ. ವಾದದಲ್ಲಿ ತೂಕವಿದೆ. ಈ ವಿಷಯ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.

ಉಪವಾಸದಿಂದ ಉಳಿದ ಹಣದ ಮಾತನ್ನೂ ಹೇಳಬೇಕು. ಪ್ರಾರ್ಥನೆ, ಉಪವಾಸ, ದಾನ, ಈ ಮೂರನ್ನೂ ಮತ್ತಾಯನ ಆರನೆಯ ಅಧ್ಯಾಯ ಒಟ್ಟಿಗೇ ಹೇಳುತ್ತದೆ. ಐದನೆಯ ಶತಮಾನದಲ್ಲಿ ಮಹಾ ಲಿಯೋ ಪೋಪರು, ನಾವು ಊಟದಿಂದ ಕಳೆದದ್ದು ಬಡವರ ಪಾಲಾಗಬೇಕೆಂದು ತಪಸ್ಸು ಕಾಲದಲ್ಲಿ ಬೋಧಿಸುತ್ತಿದ್ದರು. ಭಾರತದಲ್ಲಿ ಸಭೆಯ ಸೇವಾಸಂಸ್ಥೆಯಾದ ಕಾರಿತಾಸ್ ಪ್ರತಿ ತಪಸ್ಸು ಕಾಲದಲ್ಲೂ ಹಸಿವು ಮತ್ತು ರೋಗಗಳ ವಿರುದ್ಧ ಅಭಿಯಾನ ನಡೆಸುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯಲ್ಲೂ ಒಂದು ದಾನದ ಡಬ್ಬಿಯಿತ್ತು. ಆದರೆ ಮನೆಯಲ್ಲಿ ಅಡುಗೆ ಮಾಡುವವಳ ಉಪವಾಸದಿಂದ ಉಳಿಯುವುದು ತೀರ ಅತ್ಯಲ್ಪ: ಹಿಡಿ ಅಕ್ಕಿ, ಎರಡು ಸೌಟು ಸಾರು, ಅದೂ ರಾತ್ರಿ ಬೇರೆ ಯಾರದೋ ತಟ್ಟೆಗೆ ಹೋಗುತ್ತದೆ. ನಿಜವಾದ ಉಳಿತಾಯ ಬಂದದ್ದು ಮಾಂಸದಿಂದ, ಕಚೇರಿಯ ಎದುರಿನ ದರ್ಶಿನಿಯ ಕಾಫಿಯಿಂದ. ವಾರದ ಕೋಳಿ, ತಿಂಗಳ ಮಟನ್ನು, ದಿನದ ಕಾಫಿಯ ದುಡ್ಡನ್ನು ಅಂದಾಜಿನಲ್ಲಲ್ಲ, ಆಯಾ ದಿನವೇ ಡಬ್ಬಿಗೆ ಹಾಕುತ್ತ ಹೋದರೆ ಕಡೆಗೆ ಆಗುವ ಮೊತ್ತ ಬೆರಗು ಹುಟ್ಟಿಸುವಂಥದ್ದು. ತೂಕ ಇಳಿಯಲೆಂದು ತಪಸ್ಸು ಕಾಲವನ್ನು ಬಳಸಿಕೊಳ್ಳುವವರ ಬಗ್ಗೆ ನನಗೆ ತಕರಾರಿಲ್ಲ, ಆದರೆ ಡಬ್ಬಿಯಿಲ್ಲದ ಉಪವಾಸವನ್ನು ಪಥ್ಯವೆಂದೇ ಕರೆಯುವುದು ಒಳ್ಳೆಯದು.

ಏಪ್ರಿಲ್ 12ರ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟಿತು; ಮರುದಿನ ಬೆಳಿಗ್ಗೆ, ಗರಿಗಳ ಭಾನುವಾರ, ನಾವು ಗರಿಗಳನ್ನು ಹಿಡಿದು ಮೆರವಣಿಗೆಯಲ್ಲಿ ನಿಂತಿದ್ದೆವು. ಎರಡೂ ಒಂದೇ ಹುಣ್ಣಿಮೆಯ ಲೆಕ್ಕ. ಕರಗ ಚೈತ್ರದ ಹುಣ್ಣಿಮೆಗೆ. ಪಾಸ್ಕ ಹಬ್ಬ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರ. ಪಾಸ್ಕಕ್ಕೆ ಮುಂಚಿನ ಪವಿತ್ರ ವಾರ ಬಂತೆಂದರೆ ಸಣ್ಣಪುಟ್ಟ ಲೆಕ್ಕಾಚಾರಗಳು ಹಿಂದೆ ಸರಿಯುತ್ತವೆ. ಏಪ್ರಿಲ್ 18ರ ಶುಭ ಶುಕ್ರವಾರ ಮನೆಯಲ್ಲಿ ಒಗ್ಗರಣೆಯ ಸದ್ದಿಲ್ಲ. ಬೆಳಿಗ್ಗೆ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ, ಮಧ್ಯಾಹ್ನ ಮೂರಕ್ಕೆ ಬೋಳಾದ ಪೀಠದ ಮುಂದೆ ಗುರುಗಳು ಮಾತಿಲ್ಲದೆ ಬೋರಲು ಮಲಗಿದಾಗ, ಅಂದು ನೀರು ಮಾತ್ರ ಕುಡಿದಿದ್ದ ನನಗೆ ಸೆಕೆಗೋ ಹಸಿವಿಗೋ ತಲೆ ಹಗುರಾಗಿತ್ತು. ಯೊವಾನ್ನನ ಶುಭಸಂದೇಶದಿಂದ ಯೇಸುವಿನ ಪಾಡುಗಳನ್ನು ನಿಂತೇ ಕೇಳಬೇಕು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿ ನನ್ನ ಮೊಣಕೈಯನ್ನು ಹಿಡಿದುಕೊಂಡರು, ಆಸರೆ ಕೊಡುವುದಕ್ಕೋ ತೆಗೆದುಕೊಳ್ಳುವುದಕ್ಕೋ ತಿಳಿಯಲಿಲ್ಲ. ಶಿಲುಬೆಯ ಆರಾಧನೆಯ ಸಾಲು ಕರಗುವಷ್ಟರಲ್ಲಿ ಐದಾಯಿತು. ಅಂಗಳದಲ್ಲಿ ಯುವಕ ಸಂಘದವರು ಅಂಡೆಯಿಂದ ಗಂಜಿ ಬಡಿಸುತ್ತಿದ್ದರು, ಜೊತೆಗೆ ಮಾವಿನಕಾಯಿ ಚೂರು ಮತ್ತು ಉಪ್ಪು. ಅಂದು ಅಡುಗೆ ಮಾಡಿದವಳು ನಾನಲ್ಲ, ಬಡಿಸಿದವಳೂ ನಾನಲ್ಲ. ಎರಡನೆಯ ಸಲ ಲೋಟ ಒಡ್ಡಿದೆ.

ಮರುವರ್ಷದ ಬೂದಿ ಬುಧವಾರ 2026ರ ಫೆಬ್ರುವರಿ 18ರಂದು, ಶಿವರಾತ್ರಿಯಾದ ಮೂರೇ ದಿನಕ್ಕೆ. ಕಾಫಿಯನ್ನು ಒಮ್ಮೆಲೇ ನಿಲ್ಲಿಸದೆ ಒಂದು ವಾರ ಮೊದಲಿನಿಂದ ಲೋಟ ಲೋಟವಾಗಿ ಕಡಿಮೆ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದೇನೆ. ಒಪ್ಪತ್ತಿನ ದಿನಗಳಲ್ಲಿ ಶುಕ್ರವಾರದ ಅಡುಗೆಯನ್ನು ತಾವೇ ವಹಿಸಿಕೊಳ್ಳುವುದಾಗಿ ನನ್ನ ಗಂಡ ಒಪ್ಪಿದ್ದಾರೆ. ಉಪ್ಪು ನೋಡುವ ಕೆಲಸವನ್ನು ಮಗಳು ಬಿಟ್ಟುಕೊಡುವುದಿಲ್ಲವಂತೆ. ಅತ್ತೆಯವರು ಧಾರಾವಾಹಿಯ ಬದಲು ಬೇರೇನನ್ನಾದರೂ ಬಿಡಲಿ ಎಂದು ಮಾವನವರು ನನ್ನ ಮೂಲಕ ಅರ್ಜಿ ಹಾಕಿದ್ದಾರೆ. ಅರ್ಜಿಯನ್ನು ನಾನಿನ್ನೂ ಮುಂದಕ್ಕೆ ಕಳುಹಿಸಿಲ್ಲ.